ಇಪ್ಪತ್ತೆರಡನೇ ಗಿರಾಕಿ

ಮೂರು ತಿಂಗಳೊಳಗೆ ಈ ಜಗತ್ತಿನಿಂದ ಮರೆವನ್ನು ಬೇರು ಸಹಿತ ಕಿತ್ತೊಗೆಯುತ್ತೇನೆ ಎಂದು ಒಂದು ಸೋಮವಾರ ಬೆಳಗ್ಗೆ, ಇನ್ನೂ ಹಲ್ಲು ಕೂಡ ಉಜ್ಜದೆ, ನಾನು ಘೋಷಿಸಿದೆ. ಘೋಷಣೆ ಕೇಳಲು ಅಲ್ಲಿ ಇದ್ದವಳು ಹೆಂಡತಿ ಒಬ್ಬಳೇ. ಅವಳು ಒಲೆಯ ಮೇಲಿನ ಹಾಲಿನಿಂದ ಕಣ್ಣು ತೆಗೆಯದೆ, "ಒಳ್ಳೇದು. ಮೊದಲು ಬಚ್ಚಲಿನ ನಲ್ಲಿ ನಿಲ್ಲಿಸಿ ಬನ್ನಿ. ತಿರುಗಿಸಿ ಬಂದು ಹತ್ತು ನಿಮಿಷ ಆಯ್ತು" ಎಂದಳು.

ಇಂಥ ಚಿಲ್ಲರೆ ಟೀಕೆಗೆ ಎದೆಗುಂದುವವರು ಸ್ಟಾರ್ಟಪ್ ಕಟ್ಟಲಾರರು! ನಾನು ಹೋಗಿ, ನಲ್ಲಿ ನಿಲ್ಲಿಸಿ, ವಾಪಸ್ಸು ಬಂದು, ಘೋಷಣೆಯನ್ನು ಬಿಟ್ಟಲ್ಲಿಂದಲೇ ಮುಂದುವರಿಸಿದೆ.

ನನಗೆ ಈ ಹುಚ್ಚು ಹಿಡಿದ ಬಗೆಯನ್ನು ಹೇಳಿಬಿಡುತ್ತೇನೆ. ಹದಿನೇಳು ವರ್ಷ ನಾನೊಂದು ಬಣ್ಣದ ಕಂಪನಿಯ ಉಗ್ರಾಣದಲ್ಲಿ ಡಬ್ಬ ಎಣಿಸುತ್ತಿದ್ದೆ. ಒಂದು ದಿನ ಕಂಪನಿಯವರು ಡಬ್ಬ ಎಣಿಸುವ ಮಷಿನ್ ತಂದರು. ನಾನು ದಿನವಿಡೀ ಎಣಿಸುವುದನ್ನು ಅದು, ನಾನು ಕನ್ನಡಕ ಹುಡುಕುವಷ್ಟರಲ್ಲಿ ಎಣಿಸಿ ಮುಗಿಸಿತು. ಮ್ಯಾನೇಜರು ನನ್ನನ್ನು ಕರೆದು, ಕೈ ಕುಲುಕಿ, ಖಾಲಿ ಬಣ್ಣದ ಡಬ್ಬವೊಂದನ್ನು ನೆನಪಿನ ಕಾಣಿಕೆ ಎಂದು ಕೊಟ್ಟು ಮನೆಗೆ ಕಳಿಸಿದರು. ಎರಡು ತಿಂಗಳು ಆ ಡಬ್ಬವನ್ನೂ ಗೋಡೆಯನ್ನೂ ನೋಡಿಕೊಂಡು ಕೂತಿದ್ದವನಿಗೆ ಸ್ಟಾರ್ಟಪ್ ತರಬೇತಿಯ ಜಾಹೀರಾತು ಕಣ್ಣಿಗೆ ಬಿತ್ತು. ಎರಡು ದಿನದ ಶಿಬಿರ, ಊಟ ಉಚಿತ.

ಕೆನ್ನೆಗೆ ಮೈಕು ಅಂಟಿಸಿಕೊಂಡ ಮೇಷ್ಟ್ರೊಬ್ಬರು ಅಲ್ಲಿ ವೇದಿಕೆಯ ತುಂಬ ಓಡಾಡುತ್ತಾ ಲೀನ್ ವಿಧಾನ ಹೇಳಿಕೊಟ್ಟರು. ಲೀನ್ ಅಂದರೆ ತೆಳು. ದೊಡ್ಡದಾಗಿ ಕಟ್ಟಿ ದೊಡ್ಡದಾಗಿ ಮುಳುಗಬೇಡಿ, ಚಿಕ್ಕದಾಗಿ ಕಟ್ಟಿ, ಚಿಕ್ಕದಾಗಿ ಮುಳುಗಿ, ಮುಳುಗಿದ್ದರಿಂದ ಕಲಿತು ಮೇಲೆ ಬನ್ನಿ ಎಂದರು. ಕಟ್ಟು, ಅಳೆ, ಕಲಿ, ಇಷ್ಟೇ ಮಂತ್ರ. ಗಿರಾಕಿ ಹೊಗಳಿದರೆ ನಂಬಬೇಡಿ, ಮುಂಗಡ ಕೊಟ್ಟರೆ ಮಾತ್ರ ನಂಬಿ ಎಂದರು. ಏನೇ ಕೆಟ್ಟುಹೋದರೂ ಐದು ಸಲ ಯಾಕೆ ಎಂದು ಕೇಳಿ, ಐದನೇ ಯಾಕೆಗೆ ಬುಡ ಸಿಗುತ್ತದೆ ಎಂದರು. ಎಲ್ಲಕ್ಕಿಂತ ನನಗೆ ಹಿಡಿಸಿದ್ದು ಅವರ ಕೊನೆಯ ಮಾತು: ಮಷಿನ್ ಕಟ್ಟುವ ಮೊದಲು ಮಷಿನ್ ಇದೆ ಎಂದು ಹೇಳಿ, ಒಳಗೆ ಕೂತು ಕೈಯಲ್ಲೇ ಮಾಡಿ ನೋಡಿ. ಜನಕ್ಕೆ ಬೇಕೆನಿಸಿದರೆ ಆಮೇಲೆ ಕಟ್ಟಿದರಾಯಿತು.

ನಾನು ಕೂತಲ್ಲೇ ಪುಳಕಿತನಾದೆ. ಮಷಿನ್ ಬಂದು ನನ್ನ ಕೆಲಸ ಕಿತ್ತುಕೊಂಡಿತ್ತಲ್ಲ, ಈಗ ನಾನು ಮಷಿನಿನ ಕೆಲಸ ಕಿತ್ತುಕೊಳ್ಳುತ್ತೇನೆ!

ಮನೆಗೆ ಬಂದವನೇ ಲೀನ್ ವಿಧಾನವನ್ನು ಹೆಂಡತಿಗೆ ವಿವರಿಸಿದೆ. ತೆಳು ಎಂಬ ಪದ ಬಂದಾಗಲೆಲ್ಲ ಅವಳು ನನ್ನ ಹೊಟ್ಟೆಯನ್ನು ನೋಡುತ್ತಿದ್ದಳು. ಅವತ್ತು ಕಾಫಿ ತಡವಾಗಿತ್ತು, ಹಾಗಾಗಿ ಐದು ಯಾಕೆಗಳನ್ನು ಅಲ್ಲೇ ಪ್ರಯೋಗಿಸಿದೆ. ಕಾಫಿ ಯಾಕೆ ತಡ, ಹಾಲು ಇಲ್ಲ. ಹಾಲು ಯಾಕಿಲ್ಲ, ನೀವು ತರಲಿಲ್ಲ. ನಾನು ಯಾಕೆ ತರಲಿಲ್ಲ, ಮರೆತಿರಿ. ನಾಲ್ಕನೇ ಯಾಕೆಗೆ ಅವಳು ಪಾತ್ರೆಯನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ಆದರೆ ನೋಡಿ, ಆ ಮೂರನೇ ಉತ್ತರದಲ್ಲೇ ನನ್ನ ಸ್ಟಾರ್ಟಪ್ ಹುಟ್ಟಿತು. ಮರೆವು! ಯಾರಿಗಿಲ್ಲ ಹೇಳಿ? ಏನನ್ನು, ಯಾವಾಗ ನೆನಪಿಸಬೇಕೋ ಬರೆಸಿದರೆ ಸಾಕು, ಸರಿಯಾದ ಹೊತ್ತಿಗೆ ಮಷಿನ್ ಫೋನ್ ಮಾಡುತ್ತದೆ. ಹೆಸರು, ‘ನೆನಪಣ್ಣ’.

ಹೆಂಡತಿ ಒಂದು ಷರತ್ತು ಹಾಕಿದಳು. ಮೂರು ತಿಂಗಳು ಕಾಯುತ್ತಾಳೆ. ಅಷ್ಟರಲ್ಲಿ ಒಬ್ಬನಾದರೂ ದುಡ್ಡು ಕೊಟ್ಟು ಗಿರಾಕಿಯಾದರೆ ಸರಿ, ಇಲ್ಲದಿದ್ದರೆ ನಾನು ಬಾಯಿಮುಚ್ಚಿಕೊಂಡು ಬೇರೆ ಕೆಲಸ ನೋಡಿಕೊಳ್ಳಬೇಕು. ನಾನು ನಕ್ಕು ಒಪ್ಪಿದೆ. ಮೂರು ತಿಂಗಳಿಗೆ ನಾನು ಎಲ್ಲಿರುತ್ತೇನೋ ಯಾರಿಗೆ ಗೊತ್ತು ಎಂದೂ ಸೇರಿಸಿದೆ.

ನೆನಪಣ್ಣನ ಪ್ರಧಾನ ಕಚೇರಿ ನಮ್ಮ ಮನೆಯ ಹಿಂಬದಿಯಲ್ಲಿ, ಬಟ್ಟೆ ಒಗೆಯುವ ಮಷಿನಿಗೂ ಇಸ್ತ್ರಿ ಮೇಜಿಗೂ ನಡುವೆ ಸ್ಥಾಪನೆಯಾಯಿತು. ಉಪಕರಣಗಳು ಮೂರು: ಒಂದು ಹಳೇ ಫೋನು, ಒಂದು ನೋಟ್‌ಬುಕ್ಕು, ಒಂದು ಸ್ಟೀಲ್ ಲೋಟ. ಲೋಟ ಯಾಕೆಂದರೆ, ಅದರೊಳಗೆ ಬಾಯಿಟ್ಟು ಮಾತಾಡಿದರೆ ನನ್ನ ಧ್ವನಿ ಥೇಟ್ ಮಷಿನಿನ ಧ್ವನಿಯಾಗುತ್ತಿತ್ತು. "ನಮಸ್ಕಾರ. ಇದು. ನೆನಪಣ್ಣ. ಈಗ ಸಮಯ. ಎಂಟು ಗಂಟೆ. ತಮ್ಮ ಮಾತ್ರೆ. ನುಂಗಿರಿ." ಒಂದು ಸಲ ನಡುವೆ ಜೋರಾಗಿ ಸೀನಿಬಿಟ್ಟೆ. ಆ ಕಡೆಯವರು ಫೋನ್ ಇಡುವ ಬದಲು, ಅಬ್ಬಾ, ವಿಜ್ಞಾನ ಎಷ್ಟು ಮುಂದುವರಿದಿದೆ ಎಂದು ಉದ್ಗರಿಸಿದರು.

ಗಿರಾಕಿಗಳು ಎಲ್ಲಿಂದ ಬಂದರು ಎಂದು ಕೇಳಬೇಡಿ. ಹೆಂಡತಿಯಿಂದಲೇ ಬಂದರು. ಅವಳು ಒಂದು ದೊಡ್ಡ ಆಸ್ಪತ್ರೆಯ ಲ್ಯಾಬಿನಲ್ಲಿ ಹದಿನಾಲ್ಕು ವರ್ಷದಿಂದ ಟೆಕ್ನಿಷಿಯನ್. ದಿನಾ ಅವಳ ಕೈಚೀಲಕ್ಕೆ ನೆನಪಣ್ಣನ ಚೀಟಿ ತುಂಬಿ ಕಳಿಸುತ್ತಿದ್ದೆ. ಅವಳು ಮುಜುಗರಪಟ್ಟುಕೊಂಡೇ ಹಂಚುತ್ತಿದ್ದಳು. ನರ್ಸುಗಳು, ಆಂಬ್ಯುಲೆನ್ಸ್ ಡ್ರೈವರು, ಔಷಧಿ ಅಂಗಡಿಯವರು ಸೇರಿಕೊಂಡರು. ಆಸ್ಪತ್ರೆಯ ಆಫೀಸಿನ ಮರೆಗುಳಿ ಗುಮಾಸ್ತರಂತೂ ಕಂಡ ಕೂಡಲೇ ಏಳನೇ ನಂಬರಿನಲ್ಲಿ ಬರೆಸಿದರು. ಅವರ ಮರೆವು ಆ ಕಟ್ಟಡದಲ್ಲಿ ಹೆಸರುವಾಸಿ. ಅವರ ಲೆಕ್ಕದಲ್ಲಿ ಶುಕ್ರವಾರ ಕೊನೆಯ ದಿನ ಎಂದರೆ ಸೋಮವಾರ ಮಧ್ಯಾಹ್ನದವರೆಗೂ ನಡೆಯುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು, ಯಾಕೆಂದರೆ ಯಾವುದನ್ನೂ ಹೊತ್ತಿಗೆ ಸರಿಯಾಗಿ ಮುಚ್ಚಿದ ಚರಿತ್ರೆಯೇ ಅವರಿಗಿಲ್ಲ.

ಮೂರನೇ ವಾರಕ್ಕೆ ಗಿರಾಕಿಗಳು ಇಪ್ಪತ್ತು ದಾಟಿದರು, ಎಲ್ಲರೂ ಪುಕ್ಕಟೆ. ನನ್ನ ಗಂಟಲು ಕಟ್ಟಿಹೋಯಿತು. ಕಟ್ಟು, ಅಳೆ, ಕಲಿ ಎಂಬುದು ಕಟ್ಟು, ಅಳು ಎಂಬಲ್ಲಿಗೆ ಬಂದು ನಿಂತಿತು. ವಿಧಿಯಿಲ್ಲದೆ ನಮ್ಮ ಜೊತೆಗೇ ಇರುವ ಅತ್ತೆಯವರನ್ನು ಕಂಪನಿಗೆ ಸೇರಿಸಿಕೊಂಡೆ. ಲೋಟ ಕೊಟ್ಟೆ. ಅವರು ಅದನ್ನು ತಿರುಗಿಸಿ ನೋಡಿ, "ಇದರೊಳಗೆ ಮೂತಿ ಇಟ್ಕೊಂಡು ವಟಗುಟ್ಟೋಕೆ ನಾನೇನು ಬಾವಿ ಕಪ್ಪೆನಾ?" ಎಂದು ಅದಕ್ಕೆ ಕಾಫಿ ಬಗ್ಗಿಸಿಕೊಂಡರು.

ಅತ್ತೆ ತಮ್ಮದೇ ಧ್ವನಿಯಲ್ಲಿ, ತಮ್ಮದೇ ನೋಟ್‌ಬುಕ್ಕು ಇಟ್ಟುಕೊಂಡು ಫೋನ್ ಮಾಡತೊಡಗಿದರು. ಆಂಬ್ಯುಲೆನ್ಸ್ ಡ್ರೈವರಿಗೆ ಬಿಪಿ ಮಾತ್ರೆ ನೆನಪಿಸುವುದನ್ನು ನಾನೇ ಕಿವಿಯಾರೆ ಕೇಳಿದೆ. "ನಿನ್ನೆಯದೂ ನುಂಗಿಲ್ಲ ನೀನು, ಧ್ವನಿಯಲ್ಲೇ ಗೊತ್ತಾಗುತ್ತೆ. ನೀರು ತಗೋ. ನುಂಗು. ನಾನು ಕಾಯ್ತೀನಿ." ಆ ಕಡೆ ಗುಟುಕರಿಸುವ ಸದ್ದು ಬರುವವರೆಗೂ ಅವರು ಫೋನ್ ಇಡಲಿಲ್ಲ. ಆಮೇಲೆ ಡ್ರೈವರಿನ ಹೆಂಡತಿಯ ಮಂಡಿನೋವಿನ ಬಗ್ಗೆ ಎಂಟು ನಿಮಿಷ ಮಾತಾಡಿದರು.

ಅಳೆಯಬೇಕಲ್ಲ, ನಾನು ಅಳೆದೆ. ನನ್ನ ಕರೆಯ ಸರಾಸರಿ ಒಂಬತ್ತು ಸೆಕೆಂಡು, ಅದೂ ಆ ಕಡೆಯವರು ಕತ್ತರಿಸುವವರೆಗೆ. ಅತ್ತೆಯದು ಏಳು ನಿಮಿಷ. ನನ್ನ ಗಿರಾಕಿಗಳು ಒಬ್ಬೊಬ್ಬರಾಗಿ, ತಮಗೆ ಈ ಮಷಿನ್ ಬೇಡ, ಬೈಯುವ ಮಷಿನ್ ಬೇಕು ಎನ್ನತೊಡಗಿದರು. ಇದರಿಂದ ಕಲಿಯಬೇಕಿತ್ತು. ನಾನು ಷರಾ ಕಾಲಮ್ಮಿನಲ್ಲಿ ‘ಗಿರಾಕಿಗಳಿಗೆ ತಂತ್ರಜ್ಞಾನದ ಅರಿವು ಸಾಲದು’ ಎಂದು ಬರೆದು ಕೆಳಗೆ ಗೀಟು ಎಳೆದೆ.

ಇಲ್ಲಿಯವರೆಗೆ ನಗುತ್ತಾ ಹೇಳಿದೆ. ಇನ್ನು ಮುಂದಿನದನ್ನು ಹೇಳುವಾಗ ನನಗೆ ಅಷ್ಟಾಗಿ ನಗು ಬರುವುದಿಲ್ಲ.

ಎರಡನೇ ತಿಂಗಳ ಕೊನೆಯ ವಾರ ಹೆಂಡತಿ ನನ್ನ ಪ್ರಧಾನ ಕಚೇರಿಗೆ ಬಂದು, ಇಸ್ತ್ರಿ ಮೇಜಿನ ಮೇಲೆ ಕೂತಳು. ಲ್ಯಾಬಿನ ಮೇಲ್ವಿಚಾರಕಿ ನಿವೃತ್ತರಾಗುತ್ತಿದ್ದಾರೆ, ಆ ಜಾಗಕ್ಕೆ ಅರ್ಜಿ ಕರೆದಿದ್ದಾರೆ ಎಂದಳು. ಹದಿನಾಲ್ಕು ವರ್ಷ ಅವಳು ತಿಂಗಳಲ್ಲಿ ಹತ್ತು ದಿನ ರಾತ್ರಿ ಪಾಳಿ ಮಾಡಿದ್ದಾಳೆ. ಮೇಲ್ವಿಚಾರಕಿಗೆ ರಾತ್ರಿ ಪಾಳಿ ಇಲ್ಲ. ಅವಳ ಕಣ್ಣ ಕೆಳಗಿನ ಕಪ್ಪನ್ನು ನಾನು ಎಷ್ಟೋ ವರ್ಷದಿಂದ ನೋಡುತ್ತಿದ್ದೆ, ಅದು ಅವಳ ಮುಖದಲ್ಲೇ ಹುಟ್ಟಿಬಂದದ್ದೇನೋ ಎಂಬಷ್ಟು ಅಭ್ಯಾಸವಾಗಿತ್ತು.

ದೊಡ್ಡ ಡಾಕ್ಟರ ಸಹಿ ಗುರುವಾರ ಸಂಜೆ ಸಿಗುತ್ತದೆ. ಪೆಟ್ಟಿಗೆ ಇಡುವುದೇ ಶುಕ್ರವಾರ ಮಧ್ಯಾಹ್ನ ಮೂರೂವರೆಗೆ, ಐದು ಗಂಟೆಯೊಳಗೆ ಸ್ವತಃ ಹೋಗಿ, ಆಫೀಸಿನಲ್ಲಿ ಸಹಿ ಹಾಕಿ, ಅರ್ಜಿಯನ್ನು ಪೆಟ್ಟಿಗೆಗೆ ಹಾಕಬೇಕು. ಆದರೆ ಇಬ್ಬರು ರಜೆಯಲ್ಲಿರುವುದರಿಂದ ಆ ವಾರವೆಲ್ಲ ಅವಳಿಗೆ ರಾತ್ರಿ ಪಾಳಿ, ಮೇಲೆ ಅರ್ಧ ಹಗಲಿನ ಪಾಳಿ. "ಬಂದು ಮಲಗಿದ್ರೆ ನನಗೆ ಯಾವ ದಿನ ಅಂತಾನೇ ಗೊತ್ತಾಗಲ್ಲ. ಅಲಾರಂ ನಿದ್ದೆಗಣ್ಣಲ್ಲೇ ಆರಿಸಿಬಿಡ್ತೀನಿ. ಶುಕ್ರವಾರ ಮೂರು ಗಂಟೆಗೆ ಸರಿಯಾಗಿ ಎಬ್ಬಿಸಬೇಕು" ಎಂದಳು.

ನಾನಿದ್ದೇನಲ್ಲ, ನಾನೇ ಬಂದು ಎಬ್ಬಿಸುತ್ತೇನೆ ಎಂದೆ.

"ನೀವು ಬೇಡ. ನಿಮ್ಮ ಮಷಿನ್‌ಗೆ ಬರೆಸಿ."

"ಮಷಿನ್ ಅಂದ್ರೆ ನಾನೇ ಅಲ್ವೇನೇ?"

"ಹೌದು. ಆದ್ರೆ ಹೊರಗಿನವರದ್ದು ಆದ್ರೆ ಬರ್ಕೊಂಡು ಮಾಡ್ತೀರಿ. ನನ್ನನ್ನೂ ಹೊರಗಿನವಳು ಅಂತಲೇ ಬರ್ಕೊಳ್ಳಿ."

ಆಮೇಲೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿ, ಅಮ್ಮನಿಗೆ ಹೇಳಬೇಡಿ, ಸಿಕ್ಕಿದ ಮೇಲೆ ಹೇಳೋಣ, ಈಗಲೇ ಹೇಳಿದರೆ ಗಂಟೆಗೊಂದು ಸಲ ಅದನ್ನೇ ಕೇಳುತ್ತಾರೆ ಎಂದಳು. ಗಂಟೆಗೊಂದು ಸಲ ಕೇಳುವವರೇ ನಮಗೆ ಬೇಕಾಗಿತ್ತು ಎಂಬುದು ಆಗ ಇಬ್ಬರಿಗೂ ಹೊಳೆಯಲಿಲ್ಲ. ಯಾರೋ ಬಿಟ್ಟುಹೋಗಿದ್ದರಿಂದ ಇಪ್ಪತ್ತೆರಡನೇ ನಂಬರ್ ಖಾಲಿ ಇತ್ತು. ಅದರಲ್ಲಿ ಅವಳ ಫೋನ್ ನಂಬರ್, ಶುಕ್ರವಾರ, ಮೂರು ಗಂಟೆ ಎಂದು ದುಂಡಗೆ ಬರೆದೆ. ಆ ಎರಡು ತಿಂಗಳಲ್ಲಿ ಅವಳು ನನ್ನ ಸ್ಟಾರ್ಟಪ್ಪಿನ ಮೇಲೆ ನಂಬಿಕೆ ಇಟ್ಟದ್ದು ಅದೇ ಮೊದಲು. ನನಗೆ ಎರಡು ದಿನ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ.

ಗುರುವಾರ ಮಧ್ಯಾಹ್ನ ತರಬೇತಿಯ ಮೇಷ್ಟ್ರು, ಹೇಗೆ ನಡೆಯುತ್ತಿದೆ ಎಂದು ಫೋನ್ ಮಾಡಿದರು. ನಲವತ್ತು ಗಿರಾಕಿ ಎಂದು ಎದೆಯುಬ್ಬಿಸಿ ಹೇಳಿದೆ. ಅವರು ತಣ್ಣಗೆ, ಅದು ಸಂಖ್ಯೆ ಅಷ್ಟೇ, ಕಲಿಕೆ ಅಲ್ಲ ಎಂದರು. ನೀವು ಫೋನ್ ಮಾಡದಿದ್ದರೂ ಅವರಿಗೆ ನೆನಪಿರುತ್ತಿತ್ತೋ ಏನೋ, ಯಾರಿಗೆ ಗೊತ್ತು? ಒಂದು ದಿನ ಅರ್ಧ ಜನಕ್ಕೆ ಮಾಡಿ, ಅರ್ಧ ಜನಕ್ಕೆ ಬೇಕೆಂದೇ ಮಾಡಬೇಡಿ, ಎಷ್ಟು ಮಂದಿ ಮರೆಯುತ್ತಾರೆ ನೋಡಿ. ಅಲ್ಲಿ ಸಿಗುವುದು ಸಾಬೀತಾದ ಸತ್ಯ ಎಂದರು.

ಸಾಬೀತಾದ ಸತ್ಯ! ನನ್ನ ಮೈ ಜುಮ್ಮೆಂದಿತು. ಕ್ಯಾಲೆಂಡರಿನ ಹಳೇ ಹಾಳೆ ಹರಿದು ನಲವತ್ತು ಚೀಟಿ ಮಾಡಿದೆ. ಪಕ್ಷಪಾತ ಇರಬಾರದೆಂದು ಹೆಸರಿಲ್ಲದೆ ಬರೀ ನಂಬರ್ ಬರೆದೆ. ಬಣ್ಣದ ಕಂಪನಿಯ ಆ ಖಾಲಿ ಡಬ್ಬಕ್ಕೆ ಹಾಕಿ ಕುಲುಕಿ, ಇಪ್ಪತ್ತು ಚೀಟಿ ಎತ್ತಲು ಅತ್ತೆಯವರ ಮುಂದೆ ಹಿಡಿದೆ. ಎತ್ತಿದ ಇಪ್ಪತ್ತು ಮಂದಿಗೆ ನಾಳೆ ಕರೆ ಇಲ್ಲ ಎಂದೆ.

ಅತ್ತೆಯವರ ಕೈ ಡಬ್ಬದೊಳಗೇ ನಿಂತಿತು. "ನೆನಪು ಮಾಡ್ತೀವಿ ಅಂತ ಮಾತು ಕೊಟ್ಟು, ಬೇಕಂತಲೇ ಬಾಯಿ ಮುಚ್ಕೊಂಡು ಕೂರೋದಾ?"

"ಇದು ವಿಜ್ಞಾನ ಅತ್ತೆ."

"ನನಗೆ ಗೊತ್ತಿರೋ ಹಾಗೆ ಇದಕ್ಕೆ ಮೋಸ ಅಂತಾರೆ ಅಳಿಯಂದಿರೇ."

ಗೊಣಗುತ್ತಲೇ ಎತ್ತಿದರು. ನಾನು ಒಂದೊಂದೇ ನಂಬರನ್ನು ಗಂಭೀರವಾಗಿ ಓದಿ ಕೆಂಪು ಶಾಯಿಯಲ್ಲಿ ಬರೆದೆ. ಹನ್ನೊಂದು. ಮೂವತ್ತು. ಇಪ್ಪತ್ತೆರಡು. ನಾಲ್ಕು. ನನ್ನ ಬಾಯಿಂದಲೇ ಇಪ್ಪತ್ತೆರಡು ಎಂಬ ಮಾತು ಹೊರಬಿತ್ತು, ನನ್ನ ಕಿವಿಗೇ ಬಿತ್ತು, ಮನಸ್ಸಿಗೆ ಮಾತ್ರ ಬೀಳಲಿಲ್ಲ. ಎರಡು ದಿನದ ಹಿಂದೆ ಅದನ್ನು ಬರೆದ ಕೈ ಇದೇ!

ಶುಕ್ರವಾರ ನಾನು ಶಿಸ್ತಿನ ಪ್ರತಿರೂಪವಾಗಿದ್ದೆ. ಯಾರಿಗೆ ಮಾಡಬೇಕೋ ಅವರಿಗೆ ಲೋಟದಲ್ಲಿ ಬಾಯಿಟ್ಟು ಕರೆ ಮಾಡಿದೆ. ಮೂರು ಗಂಟೆಗೆ ಯಾವ ಕರೆಯೂ ಇರಲಿಲ್ಲ, ಇಪ್ಪತ್ತೆರಡರ ಮುಂದೆ ಕೆಂಪು ಗೀಟು ಇತ್ತು, ನಾನು ಕಾಲು ಚಾಚಿ ಒಂದು ಜೊಂಪು ತೆಗೆದೆ. ಐದಕ್ಕೆ ಐದು ನಿಮಿಷ ಇರುವಾಗ ಏಳನೇ ನಂಬರಿನ ಗುಮಾಸ್ತರಿಗೆ ಮಾಡಿದೆ. ಅವರು ಬರೆಸಿದ್ದನ್ನು ಬರೆಸಿದ ಹಾಗೇ ಓದಿದೆ. "ಸರಿಯಾಗಿ. ಐದು ಗಂಟೆಗೆ. ಪೆಟ್ಟಿಗೆ ಮುಚ್ಚಿ. ಬೀಗ ಹಾಕಿ. ಮೇಲೆ ಕಳಿಸಿ." ಯಾವ ಪೆಟ್ಟಿಗೆ, ಯಾಕೆ ಮುಚ್ಚಬೇಕು ಎಂದು ಯೋಚಿಸುವುದು ಮಷಿನಿನ ಕೆಲಸವಲ್ಲ. ಅವರು ಅಪರೂಪಕ್ಕೆ ಫೋನ್ ಕತ್ತರಿಸದೆ ಪೂರ್ತಿ ಕೇಳಿದರು, ನನಗೆ ಬಹಳ ಸಂತೋಷವಾಯಿತು.

ಐದೂ ಕಾಲಿಗೆ ಅಳತೆ ಶುರುಮಾಡಿದೆ. ಕರೆ ಮಾಡದ ಇಪ್ಪತ್ತು ಮಂದಿಗೂ ಫೋನ್ ಹಚ್ಚಿ, ಏನಾದರೂ ಮರೆತಿರಾ ಎಂದು ಕೇಳಬೇಕು. ಮೊದಲನೆಯವರು, ಇಲ್ಲವಲ್ಲ, ಬೈಯುವ ಮಷಿನ್ ಬೆಳಗ್ಗೆಯೇ ಮಾಡಿತ್ತು ಎಂದರು. ಎರಡನೆಯವರೂ ಅದನ್ನೇ ಹೇಳಿದರು. ಆರನೆಯವರಿಗೆ ಬರುವಷ್ಟರಲ್ಲಿ ನನಗೆ ಬೆವರಿತು. ಅತ್ತೆ! ತಮ್ಮ ನೋಟ್‌ಬುಕ್ಕಿನಲ್ಲಿದ್ದ ಅಷ್ಟೂ ಜನಕ್ಕೆ ಗುಟ್ಟಾಗಿ ಫೋನ್ ಮಾಡಿ ನನ್ನ ವಿಜ್ಞಾನಕ್ಕೆ ಮಣ್ಣೆರಚಿದ್ದರು! ನಾನು ಹಲ್ಲು ಕಡಿಯುತ್ತಾ ಪಟ್ಟಿಯುದ್ದಕ್ಕೂ ಹೋದೆ. ಹತ್ತೊಂಬತ್ತು ಮಂದಿಗೂ ಕರೆ ಹೋಗಿತ್ತು. ಅತ್ತೆಯ ಪುಸ್ತಕ ಬಿಡಿಸಿ ನೋಡಿದರೆ ಅದರಲ್ಲಿ ಇಲ್ಲದ್ದು ಒಂದೇ ಒಂದು ನಂಬರು, ನಾನು ನಡುವೆ ಕಣ್ತಪ್ಪಿ ಬಿಟ್ಟಿದ್ದು. ಅಬ್ಬ, ಒಬ್ಬರಾದರೂ ಉಳಿದರಲ್ಲ, ಸಾಬೀತಾದ ಸತ್ಯ ಚಿಟಿಕೆಯಷ್ಟಾದರೂ ಸಿಗುತ್ತದೆ ಎಂದುಕೊಂಡು ಆ ನಂಬರ್ ಒತ್ತಿದೆ. ಯಾರ ನಂಬರೂ ನನಗೆ ಬಾಯಿಗೆ ಬರುವುದಿಲ್ಲ, ನನ್ನದೂ ಸೇರಿ.

ಗೋಡೆಯಾಚೆ ಎಲ್ಲೋ ಫೋನ್ ಬಡಿದುಕೊಳ್ಳತೊಡಗಿತು. ಈ ಮನೆಯಲ್ಲಿ ಒಂದು ನಿಮಿಷ ನೆಮ್ಮದಿಯಾಗಿ ಸಂಶೋಧನೆ ಮಾಡಲು ಬಿಡುವುದಿಲ್ಲ ಎಂದು ಸಿಡುಕಿಕೊಂಡೆ. ಅದು ನಿಂತಿತು. ನನ್ನ ಕಿವಿಯಲ್ಲಿ ನಿದ್ದೆಗಣ್ಣಿನ ಒಂದು ಹಲೋ ಕೇಳಿತು.

"ನಮಸ್ಕಾರ. ಇದು. ನೆನಪಣ್ಣ. ಇಂದು. ನಮ್ಮ ಕರೆ. ಬಾರದ ಕಾರಣ. ತಾವು. ಏನನ್ನಾದರೂ. ಮರೆತಿರಾ?"

ಆ ಕಡೆ ಮಂಚ ಕಿರುಗುಟ್ಟಿತು, ಹೆಜ್ಜೆ ಸದ್ದು ಹತ್ತಿರ ಬಂತು.

"ರೀ" ಎಂದಿತು ಫೋನು. "ಇವತ್ತು ಶುಕ್ರವಾರಾನಾ?"

ಆ ಮಾತು ಫೋನಿನಿಂದಲೂ ಬಂತು, ಬಾಗಿಲಿನಿಂದಲೂ ಬಂತು. ತಲೆ ಎತ್ತಿದೆ. ಅವಳು ಫೋನನ್ನು ಕಿವಿಗೆ ಹಿಡಿದು ನಿಂತಿದ್ದಳು, ಕೆನ್ನೆಯ ಮೇಲೆ ದಿಂಬಿನ ಗೆರೆ ಮೂಡಿತ್ತು. ನನ್ನ ನಾಚಿಕೆಗೇಡಿತನ ಕೇಳಿ: ಅವಳ ಮುಖ ನೋಡಿಯೂ, ವಿಷಯ ತಲೆಗೆ ಇಳಿಯುವ ಮೊದಲೇ, ನನ್ನ ಕೈ ತಾನಾಗಿ ಹೋಗಿ ‘ಮರೆತವರು’ ಎಂಬ ಕಾಲಮ್ಮಿನಲ್ಲಿ ಒಂದು ಎಂದು ಬರೆಯಿತು.

ಅವಳು ಕೂಗಾಡಲಿಲ್ಲ. ಚಪ್ಪಲಿ ಮೆಟ್ಟಿಕೊಳ್ಳುತ್ತಾ, ಗುಮಾಸ್ತರು ಯಾವತ್ತೂ ಹೊತ್ತಿಗೆ ಮುಚ್ಚುವುದಿಲ್ಲ, ಸೋಮವಾರದವರೆಗೂ ತೆರೆದೇ ಇಟ್ಟಿರುತ್ತಾರೆ, ಸ್ಕೂಟರ್ ತೆಗೆಯಿರಿ ಎಂದಳು. ಗುಮಾಸ್ತರು ಎಂಬ ಮಾತು ಕಿವಿಗೆ ಬಿದ್ದದ್ದೇ, ಐದಕ್ಕೆ ಐದು ನಿಮಿಷ ಇರುವಾಗ ನಾನು ಮುಚ್ಚಿಸಿದ ಪೆಟ್ಟಿಗೆ ಯಾವುದೆಂದು ಹೊಳೆಯಿತು. ದಾರಿಯುದ್ದಕ್ಕೂ ಅವಳು ಹಿಂದೆ ಕೂತು ಅರ್ಜಿಯ ಲಕೋಟೆಯನ್ನು ನನ್ನ ಬೆನ್ನಿಗೆ ಒತ್ತಿ ಹಿಡಿದಿದ್ದಳು. ಅವರು ಮರೆತಿರಲಿ, ದೇವರೇ, ಫೋನಿಟ್ಟ ಮರುಕ್ಷಣವೇ ಮರೆತಿರಲಿ ಎಂದು ನಾನು ಬೇಡಿಕೊಂಡೆ. ಮರೆವನ್ನು ನಿರ್ಮೂಲ ಮಾಡಲು ಹೊರಟಿದ್ದವನು ಒಬ್ಬ ಮನುಷ್ಯನ ಮರೆವಿಗಾಗಿ ಅಷ್ಟು ಹಾತೊರೆದದ್ದು ಅದೇ ಮೊದಲು.

ಗುಮಾಸ್ತರು ಆಫೀಸಿನ ಬಾಗಿಲಿಗೆ ಬೀಗ ಹಾಕುತ್ತಿದ್ದರು. ನನ್ನನ್ನು ಕಂಡು ಮುಖವರಳಿಸಿ, ಎರಡೂ ಕೈ ಹಿಡಿದುಕೊಂಡರು.

"ಬನ್ನಿ ಸಾರ್. ಇಪ್ಪತ್ತಾರು ವರ್ಷದ ಸರ್ವೀಸ್‌ನಲ್ಲಿ ಇವತ್ತೇ ಮೊದಲ್ನೇ ಸಲ, ಕರೆಕ್ಟಾಗಿ ಐದಕ್ಕೆ ಅರ್ಜಿ ಪೆಟ್ಟಿಗೆ ಮುಚ್ಚಿ, ಟೈಮ್ ಬರೆದು, ಸಹಿ ಹಾಕಿ ಮೇಲೆ ಕಳಿಸಿಬಿಟ್ಟೆ. ಎಲ್ಲಾ ನಿಮ್ಮ ಮಷಿನ್ ದಯೆ."

ನಾನು ನಿಂತಲ್ಲೇ ಇಂಗಿಹೋದೆ. ಹೆಂಡತಿ ಮೆಲ್ಲಗೆ, ಎಷ್ಟು ಅರ್ಜಿ ಇತ್ತು ಎಂದು ಕೇಳಿದಳು. ಒಂದೇ ಎಂದರು. ರಕ್ತನಿಧಿ ವಿಭಾಗದ ಒಬ್ಬರದು. ಅವರಿಗೆ ನಿವೃತ್ತಿಗೆ ಇನ್ನೂ ಎಂಟು ವರ್ಷ ಇದೆ, ಇನ್ನು ಎಂಟು ವರ್ಷ ಆ ಜಾಗದ ಚಿಂತೆಯೇ ಇಲ್ಲ ಎಂದರು. ಆಮೇಲೆ ಅವಳ ಕೈಯಲ್ಲಿದ್ದ ಲಕೋಟೆಯನ್ನು ನೋಡದೆಯೇ, "ನೀವ್ಯಾಕೆ ಹಾಕ್ಲಿಲ್ಲ ಮೇಡಂ? ನಿಮಗೇ ಅಂತ ನಾವೆಲ್ಲಾ ಅಂದ್ಕೊಂಡಿದ್ವಿ" ಎಂದರು.

ನಾನು ಮೇಲಿನ ಆಫೀಸಿಗೂ ಓಡಿದೆ. ಮಷಿನ್ ಅಂದರೆ ನಾನೇ, ಲೋಟ ನನ್ನದೇ, ತಪ್ಪು ನನ್ನದು ಎಂದು ಒಪ್ಪಿಕೊಂಡೆ. ಅಲ್ಲಿದ್ದ ಅಧಿಕಾರಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ಮಾನಸಿಕ ವಿಭಾಗ ಪಕ್ಕದ ಕಟ್ಟಡದಲ್ಲಿದೆ ಎಂದರು.

ಕೆಳಗೆ ಬಂದಾಗ ಅವಳು ಸ್ಕೂಟರ್ ನಿಲ್ಲಿಸುವ ಜಾಗದ ಮೋಟು ಗೋಡೆಯ ಮೇಲೆ ಕೂತಿದ್ದಳು. ಇನ್ನೊಂದು ಗಂಟೆಯಲ್ಲಿ ಅವಳ ಪಾಳಿ ಶುರು. ನಾನು ಎದುರಿಗೆ ನಿಂತೆ. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

"ಯಾಕೆ ಫೋನ್ ಮಾಡ್ಲಿಲ್ಲ?" ಎಂದಳು.

ಚೀಟಿಯಲ್ಲಿ ನಿನ್ನ ನಂಬರ್ ಬಂತು ಎಂದೆ.

"ಯಾಕೆ ಚೀಟಿ ಎತ್ತಿಸಿದ್ರಿ?"

ಮಷಿನ್ ನಿಜವಾಗಿ ಕೆಲಸ ಮಾಡುತ್ತದಾ ಎಂದು ನೋಡಲು.

"ಯಾಕೆ, ನನ್ನ ಚೀಟಿ ಒಂದನ್ನ ತೆಗೆದಿಡೋಕೆ ಆಗ್ತಿರ್ಲಿಲ್ವಾ?"

ಪಕ್ಷಪಾತ ಆಗುತ್ತದೆ ಎನ್ನಲು ಬಾಯಿ ತೆರೆದೆ. ಸುಳ್ಳು ಹೇಳಲು ಆಗಲಿಲ್ಲ. "ನೀನು ಪಟ್ಟಿಯಲ್ಲಿದೀಯ ಅನ್ನೋದೇ ನೆನಪಿಗೆ ಬರ್ಲಿಲ್ಲ" ಎಂದೆ.

"ಯಾಕೆ ಬರ್ಲಿಲ್ಲ?"

"ನೀನು ಗಿರಾಕಿ ಅಂತ ಅನ್ಸಿರ್ಲಿಲ್ಲ ಕಣೇ. ಮನೆಯವಳಲ್ವಾ."

ಅವಳು ಲಕೋಟೆಯನ್ನು ಮಡಚಿ ಕೈಚೀಲಕ್ಕೆ ಹಾಕಿಕೊಂ‍ಡಳು. ಐದನೇ ಯಾಕೆಯನ್ನು ಕೇಳಲಿಲ್ಲ. ಬುಡ ಸಿಗಲು ಐದು ಬೇಕು ಎಂದು ಮೇಷ್ಟ್ರು ಹೇಳಿದ್ದರು, ನಮಗೆ ನಾಲ್ಕಕ್ಕೇ ಸಿಕ್ಕಿತ್ತು. ಆಮೇಲೆ ಅವಳು ಎದ್ದು ಪಾಳಿಗೆ ಒಳಗೆ ಹೋದಳು, ನಾನು ಒಬ್ಬನೇ ಸ್ಕೂಟರ್ ತಳ್ಳಿಕೊಂಡು ಗೇಟು ದಾಟಿದೆ. ಅದರ ಕೀಲಿ ನನ್ನ ಜೇಬಿನಲ್ಲೇ ಇತ್ತು, ಅರ್ಧ ದಾರಿ ನಡೆದ ಮೇಲೆ ನೆನಪಾಯಿತು.

ಮನೆಯಲ್ಲಿ ಎಲ್ಲವನ್ನೂ ಅತ್ತೆಯವರಿಗೆ ಹೇಳಿದೆ. ಅವರು ತಮ್ಮ ನೋಟ್‌ಬುಕ್ಕು ತೆಗೆದು, ಇಪ್ಪತ್ತೊಂದು ಆದ ಮೇಲೆ ಇಪ್ಪತ್ತಮೂರು ಇರುವ ಪುಟವನ್ನು ಬಹಳ ಹೊತ್ತು ನೋಡಿದರು. ಆ ಚೀಟಿ ಎತ್ತಿದ್ದು ತಮ್ಮ ಕೈಯೇ ಅಲ್ಲವೇ ಎಂದು ಒಂದು ಸಲ ಕೇಳಿದರು. ಆಮೇಲೆ ನನ್ನ ಲೋಟವನ್ನು ತೊಳೆದು ಅಡುಗೆಮನೆಯ ಗೂಡಿಗೆ ಸೇರಿಸಿದರು. ಡಬ್ಬವನ್ನು ಹಳೇ ಸಾಮಾನಿನವನಿಗೆ ಕೊಟ್ಟರು.

ಮೂರು ತಿಂಗಳು ತುಂಬಿತು. ಮಾತಿನಂತೆ ನಾನು ಬಾಯಿಮುಚ್ಚಿಕೊಂಡು ಒಂದು ಬಣ್ಣದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದೆ. ಡಬ್ಬ ಎಣಿಸುತ್ತೇನೆ, ಅವರಿನ್ನೂ ಮಷಿನ್ ತಂದಿಲ್ಲ. ಹೆಂಡತಿ ರಾತ್ರಿ ಪಾಳಿಗೆ ಹೋಗುತ್ತಾಳೆ. ನನ್ನ ಜೊತೆ ಮಾತಾಡುತ್ತಾಳೆ, ಆದರೆ ಹಾಲು ತರಲು ಹೇಳುವುದಿಲ್ಲ, ತಾನೇ ತರುತ್ತಾಳೆ. ಅದು ನನ್ನನ್ನು ಎಷ್ಟು ಕೊಲ್ಲುತ್ತದೆ ಎಂದು ಹೇಳಿದರೆ ನೀವು ನಂಬಲಿಕ್ಕಿಲ್ಲ. ನೆನಪಣ್ಣ ಮಾತ್ರ ಅತ್ತೆಯವರ ಕೈಯಲ್ಲಿ ಭರ್ಜರಿಯಾಗಿ ನಡೆಯುತ್ತಿದೆ. ಅರವತ್ತೊಂದು ಗಿರಾಕಿ, ಪರೀಕ್ಷೆ ಇಲ್ಲ, ಚೀಟಿ ಇಲ್ಲ, ಬೈಗುಳ ಮಾತ್ರ.

ಒಂದು ಶುಕ್ರವಾರ ಮಧ್ಯಾಹ್ನ ಮೂರು ಗಂಟೆಗೆ ಅಂಗಡಿಯಲ್ಲಿ ನನ್ನ ಫೋನ್ ಬಡಿದುಕೊಂಡಿತು. "ಅಳಿಯಂದಿರೇ, ಇವತ್ತು ಶುಕ್ರವಾರ" ಎಂದರು ಅತ್ತೆ. ಅಷ್ಟೇ ಹೇಳಿ ಇಟ್ಟುಬಿಟ್ಟರು. ಮುಂದಿನ ಶುಕ್ರವಾರ ಮೂರಕ್ಕೆ ಮತ್ತೆ ಅದೇ. ಏಳು ನಿಮಿಷಕ್ಕೆ ಕಡಿಮೆ ಯಾರ ಹತ್ತಿರವೂ ಮಾತಾಡದವರು ನನಗೆ ಮಾತ್ರ ಮೂರೇ ಸೆಕೆಂಡು! ಮೂರನೇ ಶುಕ್ರವಾರ ಅವರು ಇಡುವ ಮೊದಲೇ ತಡೆದು, ಇದನ್ನು ಬರೆಸಿದವರು ಯಾರು ಎಂದು ಕೇಳಿದೆ.

"ಇಪ್ಪತ್ತೆರಡನೇ ಗಿರಾಕಿ."

"ಎಷ್ಟು ದಿನ ಮಾಡ್ಬೇಕಂತೆ?"

"ಎಂಟು ವರ್ಷ" ಎಂದರು ಅತ್ತೆ. "ಪೂರ್ತಿ ಮುಂಗಡ ಕೊಟ್ಟಿದಾಳೆ."